ಗಾಗಲ್ ಕೊಟ್ಟರೂ ಹಾಕಿಕೊಳ್ಳಲ್ಲ, ಏನು ಮಾಡೋದು? (ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆಯವರು ಹೇಳಿ)

ಶಿಫ್ಟ್ ಬಿ:
ಗಿಣಿಗೇರಾ ಹತ್ತಿರ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಸೂಪರ್‌ವೈಸರ್ ಆಗಿದ್ದೇನೆ. ಕಂಪನಿ ಹೆಸರು ಬೇಡ. ಶೆಡ್‌ನಲ್ಲಿ ವೆಲ್ಡಿಂಗ್, ಗ್ರೈಂಡಿಂಗ್, ಗ್ಯಾಸ್ ಕಟಿಂಗ್ ಎಲ್ಲ ನಡೆಯುತ್ತದೆ. ಎಲ್ಲರಿಗೂ ಗಾಗಲ್ ಕೊಟ್ಟಿದ್ದೇವೆ. ಹೆಲ್ಮೆಟ್ ಹಾಕುತ್ತಾರೆ, ಬೂಟು ಹಾಕುತ್ತಾರೆ, ಗಾಗಲ್ ಮಾತ್ರ ಹೆಲ್ಮೆಟ್ ಮೇಲೆ ಇಲ್ಲಾ ಕುತ್ತಿಗೆಯಲ್ಲಿ. ನಾನು ಬರುವುದು ಕಂಡರೆ ಒಬ್ಬ ಶಿಳ್ಳೆ ಹೊಡೆಯುತ್ತಾನೆ, ಎಲ್ಲರ ಗಾಗಲ್ ಒಂದೇ ಸಲಕ್ಕೆ ಕಣ್ಣಿಗೆ ಇಳಿಯುತ್ತವೆ. ಬೆನ್ನು ತಿರುಗಿಸಿದರೆ ಮತ್ತೆ ಮೇಲೆ.

ಮೊನ್ನೆ ಒಬ್ಬ ಹುಡುಗನ ಕಣ್ಣಿಗೆ ಗ್ರೈಂಡರ್ ಚೂರು ಹೊಕ್ಕಿತು. ಸದ್ಯ, ದೃಷ್ಟಿ ಉಳಿದಿದೆ. ಈಗ ಮೇಲಿನವರು ಗಾಗಲ್ ಇಲ್ಲದೆ ಸಿಕ್ಕವರಿಗೆ 200 ರೂಪಾಯಿ ದಂಡ ಅಂತ ಆರ್ಡರ್ ಮಾಡಿದ್ದಾರೆ. ಬರೆದುಕೊಳ್ಳಬೇಕಾದವನು ನಾನು. ದಂಡದಿಂದ ಇದು ಸರಿಹೋಗುತ್ತಾ? ನಿಮ್ಮ ಕಡೆ ಹೇಗೆ ಮಾಡಿದ್ದೀರಿ?

ಒಗ್ಗರಣಿ ಮಿರ್ಚಿ:
ಮೊದಲು ಆ ಶಿಳ್ಳೆ ಹೊಡೆಯುವವನನ್ನು ಸೇಫ್ಟಿ ಡಿಪಾರ್ಟ್‌ಮೆಂಟಿಗೆ ಸೇರಿಸಿಕೊಳ್ಳಿ ಸರ್. ಅವನೊಬ್ಬನೇ ಎಲ್ಲರ ಕೈಲಿ ಗಾಗಲ್ ಹಾಕಿಸಿದವನು 😄

ಗುತ್ತಿಗೆ ಗೋಳು:
ದಂಡ ಹಾಕಿ ಸರ್, ಯೋಚನೆ ಮಾಡಬೇಡಿ. ತೋರಣಗಲ್ಲು ಕಡೆ ನನ್ನ ಲೇಬರ್ ಕೆಲಸ ಮಾಡುತ್ತಾರೆ. ದೊಡ್ಡ ಪ್ಲಾಂಟುಗಳಲ್ಲಿ ಗಾಗಲ್ ಇಲ್ಲದಿದ್ದರೆ ಗೇಟಿನಿಂದಲೇ ವಾಪಸ್. ಅಲ್ಲಿ ಅದೇ ಹುಡುಗರು ಸುಮ್ನೆ ಹಾಕಿಕೊಳ್ಳುತ್ತಾರೆ. ಹೊರಗೆ ನನ್ನ ಸ್ವಂತ ಶೆಡ್‌ಗೆ ಬಂದರೆ ತೆಗೆದು ಜೇಬಿಗೆ. ಅಂದರೆ ಭಯ ಇದ್ದ ಕಡೆ ಹಾಕುತ್ತಾರೆ ಅಂತಾಯಿತು. ಇನ್ನೊಂದು ಮಾತು. ನಾವು ಗಾಗಲ್ ಕೊಟ್ಟಿದ್ದೇವೆ, ಸಹಿ ತಗೊಂಡಿದ್ದೇವೆ. ಹಾಕದೆ ಕಣ್ಣು ಹೋದರೆ ಪರಿಹಾರ ಕೊಡಬೇಕಿಲ್ಲ. ಕಾನೂನೇ ಹಾಗಿದೆ.

ಹೋಲ್ಡರ್ ಹಿಡಿದವನು:
ಗೋಳು ಅಣ್ಣ, ನಿಮ್ಮ ಶೆಡ್‌ನಲ್ಲಿ ತಗಡಿನ ಕೆಳಗೆ ಮೇ ತಿಂಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನೀವು ಗಾಗಲ್ ಹಾಕಿ ನಿಂತಿದ್ದೀರಾ? ಬೇಡ, ಹತ್ತು ನಿಮಿಷ ನಿಂತು ನೋಡಿ. ಆಮೇಲೆ ಭಯದ ಮಾತು.

ನಾನು ವೆಲ್ಡರ್. ಹಾಕದೇ ಇರುವುದಕ್ಕೆ ಕಾರಣ ಹೇಳುತ್ತೇನೆ ಕೇಳಿ ಸರ್. ಧೂಳಿಗೆ ಮೂಗಿನ ಮೇಲೆ ಟವಲ್ ಕಟ್ಟುತ್ತೇವೆ. ಉಸಿರು ಕೆಳಗೆ ಹೋಗಲ್ಲ, ಮೇಲಕ್ಕೆ ಬಂದು ಸೀದಾ ಗಾಗಲ್ ಒಳಗೆ. ಎರಡೇ ನಿಮಿಷಕ್ಕೆ ಗ್ಲಾಸು ಮಂಜು. ಹಣೆಯ ಬೆವರು ಬೇರೆ ಒಳಗೆ ಸೋರುತ್ತದೆ. ಕೈಯಲ್ಲಿ ಏಳಿಂಚಿನ ಗ್ರೈಂಡರ್ ತಿರುಗುತ್ತಿರುವಾಗ ಎದುರಿಗೆ ಏನೂ ಕಾಣದಿದ್ದರೆ ಯಾವುದು ಜಾಸ್ತಿ ಅಪಾಯ? ಚೂರು ಹಾರಿ ಕಣ್ಣಿಗೆ ಬೀಳುವುದು ಯಾವಾಗಲೋ ಒಮ್ಮೆ. ಕಾಣದೆ ಬೆರಳು ಕೊಯ್ದುಕೊಳ್ಳುವುದು ಇವತ್ತೇ ಆಗಬಹುದು. ನಾವು ಲೆಕ್ಕ ಹಾಕಿಯೇ ತೆಗೆಯುತ್ತೇವೆ, ಧೈರ್ಯ ತೋರಿಸೋಕಲ್ಲ.

ದೊಡ್ಡ ಪ್ಲಾಂಟಿನಲ್ಲಿ ಹಾಕುತ್ತಾರೆ ಅಂದಿರಲ್ಲ, ಅಲ್ಲಿ ಕೊಡುವ ಗಾಗಲ್ಲೇ ಬೇರೆ. ಅದನ್ನೂ ಹೇಳಿ.

ಕೆಂಪು ಧೂಳು:
ಹೋಲ್ಡರ್ ಅಣ್ಣ ಹೇಳಿದ್ದು ನೂರಕ್ಕೆ ನೂರು. ಸಂಡೂರು ಕಡೆ ಗಣಿ ವರ್ಕ್‌ಶಾಪ್‌ನಲ್ಲಿದ್ದೇನೆ. ನಮಗೆ ಇನ್ನೊಂದು ಕಾಟ. ಅದಿರಿನ ಧೂಳು ಗ್ಲಾಸ್ ಮೇಲೆ ಕೂತಿರುತ್ತದೆ, ಅಂಗಿಯಿಂದ ಒರೆಸುತ್ತೇವೆ. ಅದು ಕಬ್ಬಿಣದ ಪುಡಿ ಅಲ್ವಾ, ಗ್ಲಾಸು ಪೂರ್ತಿ ಗೀರು. ಒಂದು ವಾರಕ್ಕೆ ಕುರುಡು ಗಾಜು. ಹೊಸದು ಕೇಳಿದರೆ ಸ್ಟೋರ್‌ನಲ್ಲಿ ಆರು ತಿಂಗಳಿಗೊಂದು ಅಂತಾರೆ.

ರೆಪ್ಪೆ:
ನಾನು ರಾಯಚೂರಿನಲ್ಲಿ ಕಣ್ಣಿನ ವಿಭಾಗದಲ್ಲಿ ಸಹಾಯಕಿ. ಡಾಕ್ಟರ್ ಅಲ್ಲ, ಆದರೆ ದಿನಾ ನೋಡುತ್ತೇನೆ. ಕೆಂಪು ಧೂಳು ಅವರೇ, ಒಣ ಬಟ್ಟೆಯಿಂದ ಒರೆಸಲೇಬೇಡಿ. ಮೊದಲು ನೀರು ಹಾಕಿ ಧೂಳು ಹೋಗಲಿ, ಆಮೇಲೆ ಮೆತ್ತನೆ ಬಟ್ಟೆ. ಶೆಡ್‌ನಲ್ಲಿ ಒಂದು ನಲ್ಲಿ, ಒಂದು ಸೋಪಿನ ನೀರಿನ ಬಾಟಲಿ ಇಟ್ಟರೆ ಗಾಗಲ್ ಬಾಳಿಕೆ ಜಾಸ್ತಿ.

ಶಿಫ್ಟ್ ಬಿ ಸರ್, ಆ ಹುಡುಗನ ಕಣ್ಣಿನ ಚೂರು ಯಾರು ತೆಗೆದರು? ಶೆಡ್‌ನಲ್ಲೇ ಯಾರೋ ಕಡ್ಡಿಯಿಂದ ತೆಗೆದರಾ?

ಶಿಫ್ಟ್ ಬಿ:
ಹೌದು ಮೇಡಂ, ಮೊದಲು ಒಬ್ಬ ಹಿರಿಯ ಫಿಟ್ಟರ್ ಬೆಂಕಿಕಡ್ಡಿಗೆ ಹತ್ತಿ ಸುತ್ತಿ ತೆಗೆಯಲು ನೋಡಿದ. ಅವನಿಗೆ ಅದರಲ್ಲಿ ದೊಡ್ಡ ಹೆಸರು, ಎಲ್ಲರೂ ಅವನ ಹತ್ತಿರವೇ ಹೋಗುತ್ತಾರೆ. ಬರಲಿಲ್ಲ ಅಂದ ಮೇಲೆ ಆಸ್ಪತ್ರೆ.

ರೆಪ್ಪೆ:
ಪ್ರತಿ ಶೆಡ್‌ನಲ್ಲೂ ಇಂಥ ಒಬ್ಬ "ಡಾಕ್ಟರ್" ಇರುತ್ತಾನೆ. ಹಳ್ಳಿಯಲ್ಲಾದರೆ ನಾಲಿಗೆಯಿಂದ ಕಸ ತೆಗೆಯುವ ಅಜ್ಜಿ ಇರುತ್ತಾಳೆ. ಕಬ್ಬಿಣದ ಚೂರು ಕಪ್ಪುಗುಡ್ಡೆಯ ಮೇಲೆ ಕೂತರೆ ಒಂದು ದಿನದೊಳಗೇ ಸುತ್ತ ತುಕ್ಕಿನ ಉಂಗುರ ಬೀಳುತ್ತದೆ. ಚೂರು ತೆಗೆದರೂ ಆ ತುಕ್ಕು ಉಳಿದರೆ ಕಣ್ಣು ಕೆಂಪಾಗಿ ಕೆರೆಯುತ್ತಲೇ ಇರುತ್ತದೆ. ಅದನ್ನು ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣನ್ನು ದೊಡ್ಡದಾಗಿ ತೋರಿಸುವ ಆಸ್ಪತ್ರೆಯ ಯಂತ್ರ) ನೋಡಿಯೇ ತೆಗೆಯಬೇಕು. ಕಡ್ಡಿ ಕೆರೆದ ಗಾಯಕ್ಕೆ ಸೋಂಕಾದರೆ ಚೂರಿಗಿಂತ ಅದೇ ದೊಡ್ಡ ಕಷ್ಟ, ಮಾಸಿದ ಮೇಲೂ ಬಿಳಿ ಕಲೆ ಉಳಿಯುತ್ತದೆ.

ಸುತ್ತಿಗೆ, ಉಳಿ ಕೆಲಸದಲ್ಲಿ ಇನ್ನೂ ಹುಷಾರು. ತಲೆ ಬಡಿದು ಬಡಿದು ಅಣಬೆಯಂತೆ ಅಗಲವಾದ ಉಳಿಯಿಂದ ಸಿಡಿದ ಚೂರು ಕಣ್ಣೊಳಗೇ ಹೊಕ್ಕುಬಿಡಬಹುದು. ಹೊರಗೆ ಸಣ್ಣ ಕೆಂಪು ಅಷ್ಟೇ, ನೋವೂ ಕಡಿಮೆ ಇರಬಹುದು. "ಏನೂ ಆಗಿಲ್ಲ" ಅಂತ ಮನೆಗೆ ಹೋಗುತ್ತಾರೆ. ಅಂಥವರು ಉಜ್ಜಬಾರದು, ಒತ್ತಬಾರದು, ತೊಳೆಯಲೂ ಹೋಗಬಾರದು. ಕಣ್ಣಿಗೆ ತಾಗದಂತೆ ಒಂದು ಸಣ್ಣ ಲೋಟ ಮುಚ್ಚಿ ಸೀದಾ ಆಸ್ಪತ್ರೆಗೆ ಬರಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಊರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಕಬ್ಬಿಣದ ಕೆಲಸದವರು ಮುಂದೆ ಯಾವಾಗ ಎಂಆರ್‌ಐ ಮಾಡಿಸಿದರೂ "ನಾನು ಗ್ರೈಂಡಿಂಗ್ ಮಾಡುವವನು, ಕಣ್ಣಿಗೆ ಚೂರು ಬಿದ್ದಿತ್ತು" ಅಂತ ಮೊದಲೇ ಹೇಳಿ. ಒಳಗೆ ಚೂರಿದ್ದರೆ ಆ ಮೆಷಿನ್ನಿನ ಆಯಸ್ಕಾಂತ ಅದನ್ನು ಅಲುಗಾಡಿಸಿಬಿಡುತ್ತದೆ.

ಒಗ್ಗರಣಿ ಮಿರ್ಚಿ:
ಯಪ್ಪಾ. ಬೆಳಗ್ಗೆ ಬೆಳಗ್ಗೆ ಇದನ್ನು ಓದಿ ಮಿರ್ಚಿ ಒಳಗೆ ಇಳೀತಿಲ್ಲ.

ಹೋಲ್ಡರ್ ಹಿಡಿದವನು:
ರೆಪ್ಪೆ ಅಕ್ಕ, ವೆಲ್ಡಿಂಗ್ ಬೆಳಕಿಗೆ ಕಣ್ಣು ಉರಿಯುತ್ತದಲ್ಲ, ರಾತ್ರಿ ಮರಳು ಸುರಿದ ಹಾಗೆ. ನಾವು ಆಲೂಗಡ್ಡೆ ಹೋಳು ಕಟ್ಟುತ್ತೇವೆ. ಕೆಲವರು ಎದೆಹಾಲು ಬಿಡುತ್ತಾರೆ. ಬೆಳಗ್ಗೆಗೆ ಕಡಿಮೆ ಆಗಿರುತ್ತದೆ.

ರೆಪ್ಪೆ:
ಅಣ್ಣಾವ್ರೇ, ಏನೂ ಕಟ್ಟದಿದ್ದರೂ ಒಂದೆರಡು ದಿನಕ್ಕೆ ಕಡಿಮೆ ಆಗುತ್ತದೆ. ಅದು ಅಲ್ಟ್ರಾವೈಲೆಟ್ ಕಿರಣ ಕಪ್ಪುಗುಡ್ಡೆಯ ಮೇಲ್ಪದರವನ್ನು ಸುಟ್ಟಿರುವುದು. ಆರರಿಂದ ಹನ್ನೆರಡು ಗಂಟೆ ಬಿಟ್ಟು ನೋವು ಶುರುವಾಗುತ್ತದೆ, ಅದಕ್ಕೇ ರಾತ್ರಿ. ಪದರ ತಾನಾಗಿಯೇ ಬೆಳೆಯುತ್ತದೆ, ಹೆಸರು ಮಾತ್ರ ಆಲೂಗಡ್ಡೆಗೆ. ಹಸಿ ತರಕಾರಿ, ಹಾಲು ಹಾಕಿ ಸೋಂಕು ತಂದುಕೊಳ್ಳಬೇಡಿ. ಮೆಡಿಕಲ್ ಶಾಪ್‌ನಿಂದ ಮರಗಟ್ಟಿಸುವ ಡ್ರಾಪ್ಸ್ ತಂದು ಪದೇ ಪದೇ ಹಾಕುವುದಂತೂ ಬೇಡವೇ ಬೇಡ, ಗಾಯ ಮಾಯುವುದೇ ಇಲ್ಲ.

ಸ್ಕ್ರೂ ಗೇಜ್:
ಇಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ವೆಲ್ಡರ್‌ಗಿಂತ ಪಕ್ಕ ನಿಂತ ಹೆಲ್ಪರ್‌ಗೇ ಕಣ್ಣುರಿ ಜಾಸ್ತಿ. ವೆಲ್ಡರ್ ಕೈಯಲ್ಲಿ ಮುಖಕ್ಕೆ ಹಿಡಿಯುವ ಕಪ್ಪು ಗಾಜಿನ ಸ್ಕ್ರೀನ್ ಇರುತ್ತದೆ. ಪೈಪ್ ಹಿಡಿದುಕೊಂಡವನು ಮುಖ ತಿರುಗಿಸಿ ನಿಲ್ಲುತ್ತಾನೆ ಅಷ್ಟೇ. ಟ್ಯಾಕ್ (ತುಂಡು ನಿಲ್ಲಿಸಲು ಹಾಕುವ ಚುಕ್ಕಿ ವೆಲ್ಡ್) ಹೊಡೆಯುವಾಗ ವೆಲ್ಡರ್ ಕೂಡ "ಒಂದೇ ಚುಕ್ಕಿ ಅಲ್ವಾ" ಅಂತ ಕಣ್ಣು ಮುಚ್ಚಿ ಹೊಡೆಯುತ್ತಾನೆ.

ಪಾಲಿಕಾರ್ಬೊನೇಟ್ ಸೇಫ್ಟಿ ಕನ್ನಡಕ ಬಿಳಿ (ಬಣ್ಣವಿಲ್ಲದ್ದು) ಇದ್ದರೂ ಅಲ್ಟ್ರಾವೈಲೆಟ್ ಅನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಹೆಲ್ಪರ್‌ಗೆ ಅದು ಇರಲೇಬೇಕು. ಹಾಗಂತ ಅದನ್ನೇ ಹಾಕಿ ಆರ್ಕ್ ನೋಡುವ ಹಾಗಿಲ್ಲ, ಆರ್ಕ್ ವೆಲ್ಡಿಂಗ್‌ಗೆ ಶೇಡ್ (ಗಾಜು ಎಷ್ಟು ಕಪ್ಪು ಅನ್ನುವ ನಂಬರ್) 10ರ ಮೇಲೆ ಬೇಕು. ಗ್ಯಾಸ್ ಕಟಿಂಗ್‌ಗೆ 4, 5 ಸಾಕಾಗುತ್ತದೆ. ಜಾತ್ರೆಯಲ್ಲಿ ತಂದ ಕೂಲಿಂಗ್ ಗ್ಲಾಸ್ ಯಾವುದಕ್ಕೂ ಆಗಲ್ಲ.

ಹೋಲ್ಡರ್ ಹಿಡಿದವನು:
ಸರಿಯಾದ ಮಾತು. ನನ್ನದೂ ಒಂದು ಸೇರಿಸಿ. ವೆಲ್ಡಿಂಗ್ ಮುಗಿದ ಮೇಲೆ ಸ್ಕ್ರೀನ್ ಪಕ್ಕಕ್ಕಿಟ್ಟು ಚಿಪ್ಪಿಂಗ್ ಹ್ಯಾಮರ್‌ನಿಂದ ಸ್ಲ್ಯಾಗ್ (ವೆಲ್ಡ್ ಮೇಲೆ ಕೂತ ಗಟ್ಟಿ ಪೊರೆ) ಒಡೆಯುತ್ತೇವೆ. ಆಗ ಕಣ್ಣು ಬರಿದು. ಬಿಸಿ ಸ್ಲ್ಯಾಗ್ ಕಣ್ಣಿಗೆ ಸಿಡಿಯುವುದು ಅಲ್ಲೇ. ಸ್ಕ್ರೀನ್ ಕೊಟ್ಟಿದ್ದೇವೆ ಅಂತ ಸ್ಟೋರ್‌ನಲ್ಲಿ ವೆಲ್ಡರ್‌ಗೆ ಬಿಳಿ ಗಾಗಲ್ ಕೊಡುವುದೇ ಇಲ್ಲ! ಕೇಳಿದರೆ "ನೀನು ಗ್ರೈಂಡರಾ?" ಅಂತಾರೆ.

ಹಳೇ ಯೂನಿಯನ್:
ಎರಡು ಮಾತು, ಒಂದು ದಂಡದ್ದು, ಒಂದು ಪರಿಹಾರದ್ದು.

ದಂಡ: ಶಿಫ್ಟ್ ಬಿ ಅವರೇ, ಮನಸ್ಸಿಗೆ ಬಂದ ಹಾಗೆ 200 ರೂಪಾಯಿ ಕಡಿಯಲು ಬರುವುದಿಲ್ಲ. 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ನಿಯಮ ಇದೆ. ಯಾವ ತಪ್ಪಿಗೆ ದಂಡ ಅನ್ನುವ ಪಟ್ಟಿಗೆ ಮೊದಲೇ ಮಂಜೂರಾತಿ ಪಡೆದು ಬೋರ್ಡಿನಲ್ಲಿ ಹಾಕಿರಬೇಕು. ಕಾರ್ಮಿಕನ ಮಾತು ಕೇಳಬೇಕು. ಒಟ್ಟು ದಂಡ ಆ ಅವಧಿಯ ಸಂಬಳದ ಶೇ. 3 ದಾಟಬಾರದು. ಆ ಹಣ ಕಾರ್ಮಿಕರ ಒಳಿತಿಗೇ ಖರ್ಚಾಗಬೇಕು. 12,000 ಸಂಬಳದವನಿಗೆ ತಿಂಗಳಿಗೆ 360 ರೂಪಾಯಿ. ಅಂದರೆ ನಿಮ್ಮ 200ರ ದಂಡ ಎರಡನೇ ಸಲಕ್ಕೇ ಮಿತಿ ದಾಟಿತು. ಬರೆದುಕೊಳ್ಳುವವರು ನೀವು, ನಾಳೆ ಸಿಕ್ಕಿಬೀಳುವವರೂ ನೀವೇ.

ಪರಿಹಾರ: ಗೋಳು ಅವರು ಅರ್ಧ ಕಾನೂನು ಹೇಳಿದ್ದಾರೆ. 1923ರ ಪರಿಹಾರ ಕಾಯ್ದೆಯಲ್ಲಿ ಅಂಥ ವಿನಾಯಿತಿ ಇದ್ದದ್ದು ನಿಜ. ಆದರೆ ಬೇಕಂತಲೇ ತೆಗೆದ ಅಂತ ಮಾಲೀಕ ರುಜುವಾತು ಮಾಡಬೇಕು. ಸಾವಾದರೆ, ಪೂರ್ತಿ ಅಂಗವಿಕಲನಾದರೆ ಆ ವಿನಾಯಿತಿಯೂ ಇಲ್ಲ. ಗೀರು ಬಿದ್ದು ಕಾಣದ ಗಾಗಲ್ ಕೊಟ್ಟು, ಸಹಿ ಇದೆ ಅಂದರೆ ವಾದ ನಿಲ್ಲುವುದು ಕಷ್ಟ. ಅದೇ ಕಾಯ್ದೆಯ ಪಟ್ಟಿಯಲ್ಲಿ ಇನ್ನೊಂದು ಕಣ್ಣು ಚೆನ್ನಾಗಿದ್ದು ಒಂದು ಕಣ್ಣೇ ಹೋದರೆ ದುಡಿಯುವ ಶಕ್ತಿಯ ನಷ್ಟ ಶೇ. 40, ಗುಡ್ಡೆ ಉಳಿದು ದೃಷ್ಟಿ ಮಾತ್ರ ಹೋದರೆ ಶೇ. 30 ಅಂತ ಬರೆದಿತ್ತು. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದ್ದವರಿಗೆ ಅದು ಇಎಸ್‌ಐ ಕಡೆಯಿಂದ ಬರುತ್ತದೆ.

1948ರ ಕಾರ್ಖಾನೆ ಕಾಯ್ದೆಯಲ್ಲಿ 35ನೇ ಸೆಕ್ಷನ್ ಬರೀ ಕಣ್ಣಿಗೇ ಮೀಸಲಾಗಿತ್ತು. "ತಕ್ಕ ಗಾಗಲ್" ಕೊಡಬೇಕು ಅಂತಿತ್ತು ಅದರಲ್ಲಿ. ತಕ್ಕದ್ದು. ಯಾವುದೋ ಒಂದಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಅಲ್ಲೂ ಸುರಕ್ಷೆ ಮಾಲೀಕನ ಹೊಣೆಯೇ.

ಗುತ್ತಿಗೆ ಗೋಳು:
ಎಲ್ಲ ಮಾಲೀಕನದೇ ತಪ್ಪು ಬಿಡಿ. ಒಂದು ಒಳ್ಳೆ ಗಾಗಲ್‌ಗೆ 300, 400 ಆಗುತ್ತದೆ. ನನ್ನ ಲೇಬರ್ ಮೂರು ತಿಂಗಳಿಗೆ ಬಿಟ್ಟು ಹೋಗುತ್ತಾರೆ, ಗಾಗಲ್ ಸಮೇತ. ರೇಟು ಮಾತ್ರ ಕಂಪನಿಯವರು ಪೈಸೆ ಪೈಸೆ ಕಡಿಯುತ್ತಾರೆ. ನಾನು ಎಲ್ಲಿಂದ ತರಲಿ?

ಸ್ಟೋರಿನವನು:
ಗಾಗಲ್ ಸಮೇತ ಅನ್ನುವುದು ಅಕ್ಷರಶಃ ನಿಜ. ನಮ್ಮಲ್ಲಿ ಒಳ್ಳೆ ಗಾಗಲ್ ಬಂದರೆ ಕಾರ್ತಿಕ ಮಾಸಕ್ಕೆ ಮಾಯ. ಎಲ್ಲಿಗೆ ಗೊತ್ತಾ? ಭತ್ತದ ರಾಶಿಗೆ. ಗಂಗಾವತಿ, ಕಾರಟಗಿ ಕಡೆಯ ಹುಡುಗರು ಮನೆಗೆ ಒಯ್ದು ಅಪ್ಪನಿಗೆ ಕೊಡುತ್ತಾರೆ. ಮೆಷಿನ್ ಧೂಳಿಗೆ ಹಾಕಿಕೊಳ್ಳುತ್ತಾರಂತೆ. ಸ್ಟೋರ್ ರಿಜಿಸ್ಟರ್‌ನಲ್ಲಿ ನಾನು ಕಳ್ಳ.

ಸ್ಕ್ರೂ ಗೇಜ್:
ಒಂದು ನಿಮಿಷ. ಇದು ಈ ಚರ್ಚೆಯಲ್ಲೇ ಮುಖ್ಯವಾದ ಮಾತು. ಅದೇ ಹುಡುಗ ಕಾರ್ಖಾನೆಯಲ್ಲಿ ಗಾಗಲ್ ಹೆಲ್ಮೆಟ್ ಮೇಲೆ ಏರಿಸುತ್ತಾನೆ, ಮನೆಯ ರಾಶಿಯಲ್ಲಿ ಯಾರೂ ಹೇಳದೆ ಕಣ್ಣಿಗೆ ಹಾಕುತ್ತಾನೆ. ಹಾಗಾದರೆ "ಇವರಿಗೆ ಕಣ್ಣಿನ ಬೆಲೆ ಗೊತ್ತಿಲ್ಲ" ಅನ್ನುವುದು ಸುಳ್ಳು. ಒಳ್ಳೆಯದು ಯಾವುದು ಅಂತ ಅವರಿಗೆ ಗೊತ್ತು, ಅದಕ್ಕೇ ಅದನ್ನೇ ಒಯ್ಯುತ್ತಾರೆ. ನಿಮ್ಮ ಸ್ಟೋರ್‌ನಲ್ಲಿ ಕದಿಯದೆ ಉಳಿದ ಗಾಗಲ್ ಯಾವುದು ನೋಡಿ. ಅದನ್ನು ಇನ್ನು ಮುಂದೆ ತರಿಸಬೇಡಿ.

ಒಗ್ಗರಣಿ ಮಿರ್ಚಿ:
ಕಳ್ಳತನದಿಂದ ಕ್ವಾಲಿಟಿ ಚೆಕ್! ಐಎಸ್‌ಐ ಗುರುತಿನ ಪಕ್ಕ "ಕಾರಟಗಿ ಪರೀಕ್ಷಿತ" ಅಂತ ಒಂದು ಮುದ್ರೆ ಹಾಕಿಸಿ.

ಸೂಜಿ ನಂಬರ್ 18:
ಬರೀ ಕಬ್ಬಿಣದ ಗಂಡಸರದ್ದೇ ಮಾತಾಯಿತು. ಬಳ್ಳಾರಿಯ ಜೀನ್ಸ್ ಯೂನಿಟ್‌ಗಳನ್ನೂ ಕೇಳಿ. ದಪ್ಪ ಮಡಿಕೆ ಮೇಲೆ ಹೊಲಿಯುವಾಗ ಸೂಜಿ ಪಟ್ ಅಂತ ಮುರಿದು ಹಾರುತ್ತದೆ. ಮೆಷಿನ್ನಿಗೆ ಪ್ಲಾಸ್ಟಿಕ್ ಐ ಗಾರ್ಡ್ ಬಂದಿರುತ್ತದೆ, ನಾವೇ ಬಿಚ್ಚಿಡುತ್ತೇವೆ. ಯಾಕೆ? ದಾರ ಪೋಣಿಸಲು ಪ್ರತಿ ಸಲ ಅದನ್ನು ಸರಿಸಬೇಕು. ನಮ್ಮದು ಪೀಸ್ ಲೆಕ್ಕ. ಸರಿಸುತ್ತಾ ಕೂತರೆ ಸಂಜೆಗೆ ಕೈಗೆ ಬರುವ ದುಡ್ಡು ಕಡಿಮೆ. ಪೀಸ್ ರೇಟ್ ಇಟ್ಟು "ಸುರಕ್ಷತೆ ಮೊದಲು" ಅಂತ ಬೋರ್ಡು ಹಾಕಿದರೆ ಯಾರು ನಂಬುತ್ತಾರೆ?

ವಾಷಿಂಗ್ ಕಡೆ ಇನ್ನೂ ಕಷ್ಟ. ಬಣ್ಣ ತೆಗೆಯಲು ಬ್ಲೀಚು, ಮಾಸಿದ ಹಾಗೆ ಕಾಣಲು ಪೊಟ್ಯಾಸಿಯಂ ಪರ್ಮಾಂಗನೇಟ್ ಸ್ಪ್ರೇ. ಆ ಹುಡುಗರ ಮೂಗಿಗೆ ಕರ್ಚೀಫು, ಕಣ್ಣಿಗೆ ಏನೂ ಇಲ್ಲ.

ರೆಪ್ಪೆ:
ಅಕ್ಕ, ಅಲ್ಲಿ ಸಾದಾ ಕನ್ನಡಕ ಸಾಲದು, ಸುತ್ತ ಮುಚ್ಚುವ ಗಾಗಲ್ ಬೇಕು. ಕಣ್ಣಿಗೆ ಬಿದ್ದರೆ ಡಾಕ್ಟರನ್ನು ಹುಡುಕುವ ಮೊದಲು ನೀರು. ನಲ್ಲಿಯ ಕೆಳಗೆ ರೆಪ್ಪೆ ಅಗಲಿಸಿ ಕಡಿಮೆ ಅಂದರೂ 15 ನಿಮಿಷ. ಕಟ್ಟಡ ಕೆಲಸದವರ ಸುಣ್ಣಕ್ಕೂ ಇದೇ. ಸುಣ್ಣದಂಥ ಕ್ಷಾರ ಆಸಿಡ್‌ಗಿಂತ ಕೆಟ್ಟದ್ದು, ಒಳಗೆ ಇಳಿಯುತ್ತಲೇ ಹೋಗುತ್ತದೆ.

ಕುಷ್ಟಗಿ ಕಲ್ಲು:
ನಮ್ಮ ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಕೆತ್ತುವವರು ಕೆಲವರು ಸಣ್ಣ ಜಾಲರಿಯ ಗಾಗಲ್ ಹಾಕುತ್ತಾರೆ. ಗಾಜೇ ಇಲ್ಲ, ಮಂಜೂ ಇಲ್ಲ. ಅದನ್ನು ತರಿಸಿ ಸರ್.

ಸ್ಕ್ರೂ ಗೇಜ್:
ದೊಡ್ಡ ಚಕ್ಕೆಗೆ ಸರಿ. ಗ್ರೈಂಡಿಂಗ್ ಕಿಡಿ, ಸಣ್ಣ ಪುಡಿ ಜಾಲರಿಯಲ್ಲಿ ನುಗ್ಗಿ ಬರುತ್ತದೆ. ಗ್ರೈಂಡರ್‌ಗೆ ಅದು ಬೇಡ.

ಕೆಂಪು ಧೂಳು:
ಗಾಗಲ್ ಸುದ್ದಿ ಬಂತು ಅಂತ ನೆನಪಾಯಿತು. ನಮ್ಮೂರಲ್ಲಿ ಬಳ್ಳಾರಿ ಜಾಲಿ ಕಡಿದು ಇದ್ದಿಲು ಸುಡುವವರಿದ್ದಾರೆ. ಟೊಂಗೆ ಎಳೆದಾಗ ಮುಳ್ಳು ಸೀದಾ ಮುಖಕ್ಕೆ ಬಡಿಯುತ್ತದೆ. ಅವರಿಗೆ ಯಾವ ಸೆಕ್ಷನ್ನೂ ಇಲ್ಲ, ಸೂಪರ್‌ವೈಸರ್ರೂ ಇಲ್ಲ.

ಶಿಫ್ಟ್ ಬಿ:
ಎಲ್ಲ ಓದುತ್ತಿದ್ದೇನೆ. ಇವತ್ತು ಶಿಳ್ಳೆಗೆ ಮೊದಲೇ ಹೋಗಿ ಮೂಲೆಯಲ್ಲಿ ನಿಂತು ನೋಡಿದೆ. ಒಂದು ವಿಚಿತ್ರ ಕಂಡಿತು. ಹುಡುಗರಿಗಿಂತ ವಯಸ್ಸಾದ ಫಿಟ್ಟರ್‌ಗಳೇ ಜಾಸ್ತಿ ಗಾಗಲ್ ಎತ್ತುತ್ತಾರೆ. ಟೇಪ್ ನೋಡುವಾಗ, ಮಾರ್ಕಿಂಗ್ ಮಾಡುವಾಗ ಎತ್ತುತ್ತಾರೆ, ಆಮೇಲೆ ಇಳಿಸುವುದೇ ಇಲ್ಲ. ಅನುಭವ ಇದ್ದವರೇ ಹೀಗಾ?

ರೆಪ್ಪೆ:
ಸರ್, ಅವರಿಗೆ ಚಾಳೀಸು ಬಂದಿದೆ! ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕು. ಜೇಬಿನಲ್ಲಿ ಚಾಳೀಸಿನ ಕನ್ನಡಕ ಇರುತ್ತದೆ, ಗಾಗಲ್ ಒಳಗೆ ಅದು ಹಿಡಿಸಲ್ಲ. ಗಾಗಲ್ ಎತ್ತಿ, ಕನ್ನಡಕ ಹಾಕಿ, ಗೆರೆ ನೋಡಿ, ಮತ್ತೆ ಅದನ್ನು ತೆಗೆದು... ಯಾರು ಮಾಡುತ್ತಾರೆ? ಕೆಳಭಾಗದಲ್ಲಿ ಪವರ್ ಇರುವ ಸೇಫ್ಟಿ ಕನ್ನಡಕ ಸಿಗುತ್ತದೆ, ಕನ್ನಡಕದ ಮೇಲೆಯೇ ಹಾಕುವ ಅಗಲದ್ದೂ ಸಿಗುತ್ತದೆ. ಮೊದಲು ನಲವತ್ತು ದಾಟಿದವರ ಕಣ್ಣು ಪರೀಕ್ಷೆ ಮಾಡಿಸಿ. ಕ್ಯಾಂಪ್ ಕೇಳಿದರೆ ಆಸ್ಪತ್ರೆಯವರು ಬರುತ್ತಾರೆ.

ಹೋಲ್ಡರ್ ಹಿಡಿದವನು:
ನನಗೆ 46. ಇದನ್ನು ಓದಿ ನಗು ಬಂತು, ನಾನೂ ಅದಕ್ಕೇ ಎತ್ತುವುದು. ಯಾರಿಗೂ ಹೇಳಿರಲಿಲ್ಲ. ಕಣ್ಣು ಮಂಜು ಅಂದರೆ ಕೆಲಸದಿಂದ ತೆಗೆಯುತ್ತಾರೆ ಅಂತ ಹೆದರಿಕೆ.

ಹಳೇ ಯೂನಿಯನ್:
ಇದೇ ನೋಡಿ. ಕ್ಯಾಂಪ್ ಮಾಡುವ ಮೊದಲು "ಪವರ್ ಬಂತು ಅಂತ ಯಾರನ್ನೂ ತೆಗೆಯಲ್ಲ" ಅಂತ ಬರಹದಲ್ಲಿ ಕೊಡಿಸಿ. ಇಲ್ಲದಿದ್ದರೆ ಕ್ಯಾಂಪಿಗೆ ಒಬ್ಬನೂ ಬರುವುದಿಲ್ಲ.

ಶಿಫ್ಟ್ ಬಿ:
ಸರಿ. ನಾಲ್ಕು ಥರದ ಗಾಗಲ್ ಸ್ಯಾಂಪಲ್ ತರಿಸುತ್ತಿದ್ದೇನೆ. ಎರಡಕ್ಕೆ ಮಂಜು ಹಿಡಿಯದ ಕೋಟಿಂಗ್ ಇದೆ, ಒಂದು ಪಕ್ಕದಲ್ಲಿ ಗಾಳಿಕಿಂಡಿ ಇರುವುದು, ಒಂದು ಕನ್ನಡಕದ ಮೇಲೆ ಹಾಕುವುದು. ಹುಡುಗರೇ ಒಂದು ವಾರ ಹಾಕಿ ಆರಿಸಲಿ. ಗೀರು ಬಿದ್ದರೆ ಹಳೆಯದು ತಂದು ಹೊಸದು ಒಯ್ಯಲಿ, ತಿಂಗಳ ಲೆಕ್ಕ ಬೇಡ ಅಂತ ಕೇಳುತ್ತೇನೆ. ದಂಡದ ಆರ್ಡರ್ ಬಗ್ಗೆ ಶೇ. 3ರ ಮಾತು ಮೇಲಿನವರಿಗೆ ಬರೆದು ಕೊಟ್ಟೆ. ಮುಖ ಸಪ್ಪೆ ಮಾಡಿಕೊಂಡಿದ್ದಾರೆ.

ಗುತ್ತಿಗೆ ಗೋಳು:
ನಿಮ್ಮ ಕಂಪನಿ ಹುಡುಗರಿಗೆ ಸರಿ. ನನ್ನ ಬಿಹಾರ, ಒಡಿಶಾ ಹುಡುಗರಿಗೂ ಅದೇ ಸ್ಟೋರ್‌ನಿಂದ ಕೊಡುತ್ತೀರಾ? ಅದೇ ಶೆಡ್, ಅದೇ ಕಿಡಿ.

ಶಿಫ್ಟ್ ಬಿ:
ಅದಕ್ಕೆ ಇನ್ನೂ ಉತ್ತರ ಬಂದಿಲ್ಲ ಅಣ್ಣ. ಕೇಳಿದ್ದೇನೆ.

ಹಳೇ ಯೂನಿಯನ್:
ಕೇಳುವುದಲ್ಲ, ಕೊಡಬೇಕು. ಶೆಡ್ ಕಂಪನಿಯದು.

ಎಡದಂಡೆ ಕಾಲುವೆ:
ಸಿಂಧನೂರಿನಿಂದ. ರಾಶಿ ಸುದ್ದಿ ಬಂದಿದ್ದಕ್ಕೆ ಕೇಳುತ್ತಿದ್ದೇನೆ. ನಮ್ಮ ತಮ್ಮನ ಕಣ್ಣಿಗೆ ಮೊನ್ನೆ ಭತ್ತದ ಹೊಟ್ಟು ಬಡಿದು ಕೆಂಪಾಗಿದೆ. ಮೆಡಿಕಲ್‌ನವನು ಒಂದು ಡ್ರಾಪ್ಸ್ ಕೊಟ್ಟಿದ್ದಾನೆ. ಹಾಕಿದಾಗ ಆರಾಮ ಅನ್ನಿಸುತ್ತದೆ, ಆದರೆ ಇವತ್ತು ಕಪ್ಪುಗುಡ್ಡೆ ಮೇಲೆ ಬಿಳಿ ಚುಕ್ಕೆ ಕಾಣುತ್ತಿದೆ. ಇನ್ನೆರಡು ದಿನ ನೋಡೋಣವಾ?

ರೆಪ್ಪೆ:
ನೋಡಬೇಡಿ, ಇವತ್ತೇ ಹೊರಡಿ. ಹೊಟ್ಟು, ಎಲೆ, ಮುಳ್ಳು ತಾಗಿದ ಗಾಯಕ್ಕೆ ಶಿಲೀಂಧ್ರದ ಸೋಂಕು ಬರಬಹುದು. ಡ್ರಾಪ್ಸ್ ಬಾಟಲಿ ಜೊತೆಗೆ ತನ್ನಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ಕಡಿಮೆ ಮಾಡಿ ಆರಾಮ ಅನ್ನಿಸುತ್ತದೆ, ಒಳಗೆ ಸೋಂಕು ಬೆಳೆಯುತ್ತದೆ. ಅದನ್ನು ಈಗಲೇ ನಿಲ್ಲಿಸಿ. ಬಾಟಲಿ ಮೇಲೆ ಡೆಕ್ಸಾಮೆಥಸೋನ್, ಪ್ರೆಡ್ನಿಸೋಲೋನ್, ಬೀಟಾಮೆಥಸೋನ್ ಇವುಗಳಲ್ಲಿ ಯಾವುದಾದರೂ ಹೆಸರಿದೆಯಾ ಓದಿ ಹೇಳಿ.

ಎಡದಂಡೆ ಕಾಲುವೆ:
ಮೊದಲನೆಯದು ಇದೆ ಅಕ್ಕ. ಗಾಡಿ ತೆಗೆಯುತ್ತಿದ್ದೇವೆ.